ಈ ಸಲ ಜೋಕರ್ ಏಳು

ನಮ್ಮಪ್ಪಂಗೆ ರಮ್ಮಿ ಅಂದ್ರೆ ಪ್ರಾಣ. ದುಡ್ಡು ಕಟ್ಟಿ ಆಡೋದಲ್ಲ, ಭಾನುವಾರ ಊಟ ಆದ್ಮೇಲೆ ಜಗುಲಿ ಮೇಲೆ ಚಾಪೆ ಹಾಸ್ಕೊಂಡು ಅಪ್ಪ, ಚಿಕ್ಕಪ್ಪ, ಪಕ್ಕದ ಮನೆ ಮೇಷ್ಟ್ರು ಕೂತ್ರೆ ಸಂಜೆ ಕಾಫಿವರೆಗೂ ಏಳ್ತಿರ್ಲಿಲ್ಲ. ಮೂರು ವರ್ಷದ ಹಿಂದೆ ಅಪ್ಪಂಗೆ ಸ್ಟ್ರೋಕ್ ಆಯ್ತು. ಎರಡು ತಿಂಗಳಲ್ಲಿ ಕೈಕಾಲು ಸರಿಹೋಯ್ತು, ಮಾತೂ ಸರಿಹೋಯ್ತು, ಎಲ್ರೂ ದೇವರು ದೊಡ್ಡೋನು ಅಂದ್ರು. ಮತ್ತೆ ಚಾಪೆ ಹಾಸಿದ್ವಿ.

ರಮ್ಮಿಲಿ ಪ್ರತಿ ಆಟಕ್ಕೂ ಒಂದು ಎಲೆ ತಿರುಗಿಸ್ತಾರೆ, ಆ ನಂಬರಿನ ಎಲೆಗಳೆಲ್ಲ ಆ ಆಟಕ್ಕೆ ಜೋಕರ್, ಬೇರೆ ಯಾವ ಎಲೆ ಜಾಗಕ್ಕಾದ್ರೂ ನಡೆಯುತ್ತೆ. ಅವತ್ತು ಮೊದಲನೇ ಆಟಕ್ಕೆ ಜೋಕರ್ ನಾಲ್ಕು. ಎರಡನೇ ಆಟಕ್ಕೆ ಎಲೆ ಕಲಸಿ, ಹಂಚಿ, ಜೋಕರ್ ತಿರುಗಿಸಿದ್ರೆ ಕಳಾವರ್ ಏಳು ಬಂತು. ಅಪ್ಪನೇ ಗಟ್ಟಿಯಾಗಿ "ಈ ಸಲ ಜೋಕರ್ ಏಳು" ಅಂದ್ರು. ಸ್ವಲ್ಪ ಹೊತ್ತಿಗೆ ಕೈಗೆ ಬಂದ ಡೈಮಂಡ್ ಏಳನ್ನ ಸಲೀಸಾಗಿ ಕೆಳಗೆ ಬಿಟ್ರು. ಆಮೇಲೆ ಶೋ ಅಂತ ಎಲೆ ಇಳಿಸಿದ್ರು, ನೋಡಿದ್ರೆ ಆಟೀನ್ ಒಂಬತ್ತು, ಹತ್ತು, ಪಕ್ಕದಲ್ಲಿ ಗುಲಾಮನ ಜಾಗಕ್ಕೆ ಇಸ್ಪೀಟ್ ನಾಲ್ಕು. ಚಿಕ್ಕಪ್ಪ "ಅಣ್ಣಾ, ಜೋಕರ್ ಯಾವ್ದು?" ಅಂತ ಕೇಳಿದ್ರು. "ಏಳು." "ಮತ್ತೆ ನಾಲ್ಕು ಯಾಕಿಟ್ಟೆ?" ಅಪ್ಪ ಎಲೆ ನೋಡಿದ್ರು, ಚಿಕ್ಕಪ್ಪನ ಮುಖ ನೋಡಿದ್ರು, "ಏಳೇ ಅಲ್ವೇನೋ ಜೋಕರ್" ಅಂದ್ರು. ಮುಂದಿನ ಆಟದಲ್ಲೂ ನಾಲ್ಕುಗಳನ್ನೇ ಕೂಡಿಟ್ಕೊಂಡ್ರು.

ಎರಡು ಮೂರು ಭಾನುವಾರ ಹಿಂಗೇ ಆಯ್ತು, ಮೇಷ್ಟ್ರು ಬರೋದು ನಿಲ್ಲಿಸಿದ್ರು. ಬೇಕಂತ್ಲೇ ಮಾಡ್ತಾರೆ, ಗೊತ್ತಿದ್ದೂ ಮಾಡ್ತಾರೆ ಅಂತ ನಾವೆಲ್ಲ ಅಂದ್ಕೊಂಡ್ವಿ. ಅಮ್ಮ ಹಠ ಅಂದ್ರು, ನಾನು ಅಪ್ಪನ ಮೇಲೆ ಒಂದ್ಸಲ ಜೋರಾಗೇ ಕೂಗಾಡಿದೆ. ನರ್ಸಿಂಗ್ ಹೋಮ್‌ಗೆ ತೋರಿಸಿದಾಗ ಇವತ್ತು ಯಾವ ವಾರ, ಪ್ರಧಾನಿ ಯಾರು, ಈ ಮೂರು ಪದ ನೆನಪಿಟ್ಕೊಂಡು ಆಮೇಲೆ ಹೇಳಿ ಅಂತ ಐದು ನಿಮಿಷ ಕೇಳಿದ್ರು. ಅಪ್ಪ ಎಲ್ಲಾ ಸರಿಯಾಗಿ ಹೇಳಿದ್ರು. ನೆನಪು ಚೆನ್ನಾಗಿದೆ, ವಯಸ್ಸಾದ್ಮೇಲೆ ಸ್ವಲ್ಪ ಮೊಂಡುತನ ಬರುತ್ತೆ, ಹೊಂದ್ಕೊಂಡು ಹೋಗಿ ಅಂತ ಕಳಿಸಿದ್ರು. ಮನೆಯವರ ತಪ್ಪು ತಿಳುವಳಿಕೆಗೆ ಡಾಕ್ಟ್ರ ಸೀಲ್ ಬಿದ್ದಂಗಾಯ್ತು.

ಒಂದು ವರ್ಷ ಆದ್ಮೇಲೆ ಬೇರೆ ಕಡೆ ಒಬ್ಬ ಸೈಕಾಲಜಿಸ್ಟ್ ಮೇಡಂ ಅಪ್ಪನ ಮುಂದೆ ಕಾರ್ಡ್ ಹರಡಿ ಒಂದು ಟೆಸ್ಟ್ ಮಾಡಿದ್ರು. ಆ ಟೆಸ್ಟ್ ಬಗ್ಗೆ ಓದ್ತಾ ಓದ್ತಾನೇ ನನಗೆ ಬ್ರೆಂಡಾ ಮಿಲ್ನರ್ ಅನ್ನೋ ಹೆಣ್ಣುಮಗಳ ಕೆಲಸ ಸಿಕ್ಕಿದ್ದು, ಅವತ್ತಿಂದ ಇದನ್ನ ಬರೀಬೇಕು ಅನ್ಕೊಂಡಿದ್ದೆ.

ಮಿಲ್ನರ್ ಹುಟ್ಟಿದ್ದು 1918ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಕೆನಡಾಕ್ಕೆ ಹೋಗಿ ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟಿಲಿ ಡೊನಾಲ್ಡ್ ಹೆಬ್ ಹತ್ರ ಪಿಎಚ್‌ಡಿ ಮಾಡಿದ್ರು. ಅಲ್ಲೇ ವೈಲ್ಡರ್ ಪೆನ್‌ಫೀಲ್ಡ್ ಅನ್ನೋ ದೊಡ್ಡ ಸರ್ಜನ್ನು ಫಿಟ್ಸ್ ರೋಗಿಗಳಿಗೆ ಮೆದುಳಿನ ಆಪರೇಷನ್ ಮಾಡ್ತಿದ್ರು, ಆ ರೋಗಿಗಳನ್ನ ಆಪರೇಷನ್‌ಗೆ ಮುಂಚೆ, ಆದ್ಮೇಲೆ ಕೂರಿಸ್ಕೊಂಡು ಏನು ಉಳೀತು ಏನು ಹೋಯ್ತು ಅಂತ ತಾಳ್ಮೆಯಿಂದ ನೋಡೋದು ಇವರ ಕೆಲಸ. ಕೈಲಿ ಪೆನ್ಸಿಲ್ಲು, ಪೇಪರ್ರು, ಕಾರ್ಡು. ಆಗ ಸ್ಕ್ಯಾನಿಂಗ್ ಮಷೀನು ಎಲ್ಲಿತ್ತು.

ಜನಕ್ಕೆ ಗೊತ್ತಿರೋದು ಅವರ ಎಚ್.ಎಂ. ಕಥೆ. ಅಮೆರಿಕದ ಹೆನ್ರಿ ಮೊಲೈಸನ್, 1953ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಅನ್ನೋ ಸರ್ಜನ್ನು ಫಿಟ್ಸ್ ನಿಲ್ಲಿಸೋಕೆ ಅಂತ ಆತನ ಮೆದುಳಿನ ಎರಡೂ ಕಡೆಯಿಂದ ಹೊಸ ನೆನಪು ಕೂರಿಸೋ ಹಿಪ್ಪೊಕ್ಯಾಂಪಸ್‌ನ ಬಹುಪಾಲು, ಅದರ ಸುತ್ತಮುತ್ತಲಿನ ಭಾಗ ತೆಗೆದ್ರು. ಫಿಟ್ಸ್ ಕಮ್ಮಿ ಆಯ್ತು, ಆದರೆ ಅಲ್ಲಿಂದ ಮುಂದೆ ನಡೆದಿದ್ದು ಯಾವುದೂ ಮನಸ್ಸಲ್ಲಿ ನಿಲ್ಲಲಿಲ್ಲ. ಮಿಲ್ನರ್ ರಾತ್ರಿ ರೈಲು ಹಿಡ್ಕೊಂಡು ಹೋಗಿ ಆತನನ್ನ ನೋಡ್ತಿದ್ರು, ಪ್ರತಿ ಸಲವೂ ಹೆನ್ರಿಗೆ ಅವರು ಹೊಸಬರೇ. ಒಂದ್ಸಲ 584 ಅನ್ನೋ ನಂಬರ್ ನೆನಪಿಟ್ಕೋ ಅಂತ ಹೇಳಿದ್ರೆ, ಆತ ಆ ಅಂಕಿಗಳನ್ನ ಕೂಡಿಸಿ 17, ಅದರಲ್ಲಿ 8 ಕಳೆದ್ರೆ 9, ಅದನ್ನ ಒಡೆದ್ರೆ 5 ಮತ್ತೆ 4, ಅಂತ ಒಳಗೊಳಗೇ ಲೆಕ್ಕ ಹಾಕ್ಕೊಂಡು 15 ನಿಮಿಷ ಹಿಡಿದಿಟ್ಕೊಂಡಿದ್ದ. ಗಮನ ಬೇರೆ ಕಡೆ ಹೋಗಿ ಒಂದು ನಿಮಿಷ ಆಗೋಷ್ಟರಲ್ಲಿ ನಂಬರೂ ಇಲ್ಲ, ಲೆಕ್ಕ ಹಾಕಿದ್ದೂ ನೆನಪಿಲ್ಲ. ಅದೇ ಹೆನ್ರಿ ಕನ್ನಡಿಲಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋದನ್ನ ಮೂರು ದಿನದಲ್ಲಿ ಚೆನ್ನಾಗಿ ಕಲಿತ, ಕಲಿತಿದ್ದೇ ಅವನಿಗೆ ಗೊತ್ತಿಲ್ಲ. ನೆನಪು ಅನ್ನೋದು ಒಂದೇ ಡಬ್ಬಿ ಅಲ್ಲ, ಕೈಯಲ್ಲಿ ಕೂರೋ ನೆನಪೇ ಬೇರೆ ಅಂತ ಲೋಕಕ್ಕೆ ಗೊತ್ತಾಗಿದ್ದು ಹಿಂಗೆ.

ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದಲ್ಲ, 1963ರಲ್ಲಿ ಪ್ರಕಟ ಮಾಡಿದ ಕಾರ್ಡಿನ ಕೆಲಸ. ವಿಸ್ಕಾನ್ಸಿನ್ ಕಾರ್ಡ್ ಟೆಸ್ಟ್ ಅಂತಾರೆ, ಟೆಸ್ಟ್ ರೂಪಿಸಿದ್ದು ಬೇರೆಯವರು, ಅದನ್ನ ಹಣೆ ಹಿಂದಿನ ಭಾಗ, ಅಂದ್ರೆ ಫ್ರಂಟಲ್ ಲೋಬ್ ಆಪರೇಷನ್ ಆದವರ ಮುಂದೆ ಇಟ್ಟಿದ್ದು ಮಿಲ್ನರ್. ಎದುರಿಗೆ ನಾಲ್ಕು ಕಾರ್ಡ್, ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಕ್ರಾಸು, ನಾಲ್ಕು ನೀಲಿ ವೃತ್ತ. ಕೈಲಿರೋ ಕಾರ್ಡನ್ನ ಒಂದೊಂದಾಗಿ ಯಾವುದರ ಕೆಳಗೆ ಸೇರುತ್ತೋ ಅಲ್ಲಿ ಇಡಬೇಕು. ಬಣ್ಣ ನೋಡ್ಬೇಕಾ, ಆಕಾರಾನಾ, ಎಷ್ಟಿದೆ ಅಂತಾನಾ ಅನ್ನೋದನ್ನ ಹೇಳಲ್ಲ, ಸರಿ ತಪ್ಪು ಅಂತ ಮಾತ್ರ ಹೇಳ್ತಾರೆ. ಸತತ ಹತ್ತು ಸರಿ ಮಾಡಿದ ತಕ್ಷಣ ಸದ್ದಿಲ್ದೆ ನಿಯಮ ಬದಲಾಯಿಸ್ತಾರೆ. ನಾವಾದ್ರೆ ಎರಡು ಸಲ ತಪ್ಪು ಅಂದ್ರೆ ಓ ಇದು ಬದಲಾಗಿದೆ ಅಂತ ಹೊಸದು ಹುಡುಕ್ತೀವಿ. ಆಪರೇಷನ್ ಆದ ಈ ರೋಗಿಗಳು, ಎದುರಿಗಿರೋರು ತಪ್ಪು, ತಪ್ಪು ಅಂತಿದ್ರೂ ಹಳೇ ನಿಯಮಕ್ಕೇ ಅಂಟ್ಕೊಂಡಿರ್ತಾರೆ. ಕೆಲವರು ತಾವು ಇಡ್ತಿರೋದು ತಪ್ಪು ಅಂತ ಬಾಯಲ್ಲಿ ಹೇಳ್ತಾನೇ ಅಲ್ಲಿಗೇ ಇಡ್ತಾರೆ! ಗೊತ್ತಿರೋದು ಒಂದು ಕಡೆ, ಗೊತ್ತಿರೋದು ಕೈಯನ್ನ ತಿದ್ದೋದು ಇನ್ನೊಂದು ಕಡೆ, ಮಧ್ಯದ ದಾರಿ ಮುಚ್ಚಿಹೋಗಿದೆ.

ಇದನ್ನ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಡೈಮಂಡ್ ಏಳು ಬಿಟ್ಟ ಅಪ್ಪನ ಕೈಯೇ ಕಣ್ಮುಂದೆ ಬಂತು.

ಇವತ್ತು ಇದಕ್ಕೆಲ್ಲ ಎಕ್ಸಿಕ್ಯೂಟಿವ್ ಫಂಕ್ಷನ್ ಅಂತಾರೆ, ಮೆದುಳಿನ ಯಜಮಾನಿಕೆ ಅನ್ನಬಹುದು, ಯಾವ ಕೆಲಸ ಈಗ, ಯಾವುದು ಬಿಡಬೇಕು, ಎಲ್ಲಿ ದಾರಿ ಬದಲಾಯಿಸಬೇಕು ಅಂತ ನೋಡ್ಕೊಳ್ಳೋದು. ಇದು ಕೆಟ್ಟಾಗ ಮರೆವು ಕಾಣಲ್ಲ. ನೆನಪಿದೆಯಾ ಅಂತ ಕೇಳಿದ್ರೆ ಇದೆ ಅಂತ್ಲೇ ಉತ್ತರ ಬರುತ್ತೆ. ಅದಕ್ಕೇ ನನ್ನ ಗಟ್ಟಿ ಅಭಿಪ್ರಾಯ, ಸ್ಟ್ರೋಕ್ ಆದವರಿಗೆ, ತಲೆಗೆ ಪೆಟ್ಟು ಬಿದ್ದವರಿಗೆ ಬರೀ ವಾರ, ತಾರೀಖು ಕೇಳಿ ಮನೆಗೆ ಕಳಿಸೋದು ಅನ್ಯಾಯ. ನಮ್ಮಲ್ಲಿ ಸೌಲಭ್ಯ ಇಲ್ಲ ಅಂತಲ್ಲ, ನಿಮ್ಹಾನ್ಸ್‌ನವರು 2004ರಲ್ಲೇ ಸಿದ್ಧ ಮಾಡಿದ ಟೆಸ್ಟ್‌ಗಳಲ್ಲಿ ಈ ಕಾರ್ಡಿನ ಟೆಸ್ಟೂ ಸೇರಿದೆ. ಕೇಳೋಕೆ ಮನೆಯವರಿಗೆ ಗೊತ್ತಿರಬೇಕು, ಬರೆದುಕೊಡೋಕೆ ಡಾಕ್ಟ್ರಿಗೆ ಮನಸ್ಸಿರಬೇಕು. ಟೆಸ್ಟ್ ಮಾಡಿದ್ರೆ ವಾಸಿ ಆಗುತ್ತಾ ಅಂತ ಕೇಳಬೇಡಿ, ಅಪ್ಪಂಗೆ ವಾಸಿ ಆಗಿಲ್ಲ. ಆದರೆ ಬೈಗುಳ ನಿಂತ್ವು. ಅಮ್ಮ ಈಗ ಹಠ ಅನ್ನೋ ಪದಾನೇ ಎತ್ತಲ್ಲ, ಗೀಸರ್ ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸಿದ್ದಾರೆ, ಅಪ್ಪ ಆರಿಸಿ ಬರೋದು ಜಾಸ್ತಿ ಆಗಿದೆ.

ನಾಲ್ಕು ವಾರದಿಂದ ಮತ್ತೆ ಚಾಪೆ ಹಾಸ್ತಿದ್ದೀವಿ, ನಾನು, ಅಪ್ಪ, ಚಿಕ್ಕಪ್ಪ. ಹಳೇ ಕಟ್ಟಿಂದ ಜೋಕರ್ ನಂಬರಿನ ಒಂದು ಎಲೆ ತೆಗೆದು ಅಪ್ಪನ ಎದುರಿಗೇ ಸ್ಟೀಲ್ ಲೋಟಕ್ಕೆ ಒರಗಿಸಿ ಇಡ್ತೀವಿ. ಅಪ್ಪ ಎಲೆ ಬಿಡೋ ಮುಂಚೆ ಚಿಕ್ಕಪ್ಪ "ಅಣ್ಣಾ, ಲೋಟ ನೋಡು" ಅಂತಾರೆ. ಮೊನ್ನೆ ಐದು ಆಟದಲ್ಲಿ ಮೂರು ಸಲ ಸರಿಯಾಗಿ ಇಟ್ರು, ಎರಡು ಸಲ ತಪ್ಪಿತು, ತಪ್ಪಿದಾಗ ಯಾರೂ ಏನೂ ಅನ್ನಲಿಲ್ಲ, ಎಲೆ ಕಲಸಿ ಇನ್ನೊಂದು ಆಟ ಹಂಚಿದ್ವಿ. ಮೇಷ್ಟ್ರು ಇನ್ನೂ ಬಂದಿಲ್ಲ. ಅವರೂ ಇಲ್ಲಿ ಫ್ರೆಂಡ್ ಲಿಸ್ಟಲ್ಲಿದ್ದಾರೆ. ಸಾರ್, ಓದಿದ್ರೆ ಈ ಭಾನುವಾರ ಬನ್ನಿ, ಅಪ್ಪ ನಿಮ್ಮನ್ನ ಕೇಳ್ತಾನೇ ಇರ್ತಾರೆ.