ಅರಿಶಿನ ಹಚ್ಚಿದ ಲಿಂಕನ್

ನಿನ್ನೆ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಪಾದ ಬಾಯಿಗಿಡುವ ಹೊತ್ತಿಗೆ ಒಬ್ಬರು ಪಕ್ಕ ಬಂದು ಕೂತರು. ಜೇಬಿನಿಂದ ಜಿಪ್‌ಲಾಕ್ ಕವರ್ ತೆಗೆದರು. ಒಳಗೆ ಟಿಶ್ಯೂ. ಟಿಶ್ಯೂ ಒಳಗೆ 1979ರ ಒಂದು ಪೆನ್ನಿ, ಅಂದರೆ ನಮ್ಮ ಅಮೆರಿಕದ ಒಂದು ಸೆಂಟಿನ ನಾಣ್ಯ. ಚಿನ್ನದ ಬಣ್ಣ! ಅದರ ಮೇಲಿನ ಲಿಂಕನ್‌ಗೆ ಅರಿಶಿನ ಹಚ್ಚಿ ಹಸೆಮಣೆ ಮೇಲೆ ಕೂರಿಸಿದ ಹಾಗಿತ್ತು.

"ನೀವು ಹಳೇ ಕಾಯಿನ್ ಕಲೆಕ್ಟ್ ಮಾಡ್ತೀರಂತೆ. ಇದಕ್ಕೆ ಎಷ್ಟು ಬರಬಹುದು ಸರ್?"

"ಒಂದು ಸೆಂಟ್" ಅಂದೆ.

ನಕ್ಕರು. ತಮಾಷೆ ಅಂದುಕೊಂಡರು. ಫೋನ್ ತೆಗೆದು ತೋರಿಸಿದರು. ಇಂಥದ್ದೇ ಪೆನ್ನಿಗೆ ಯಾರೋ ಮಹಾನುಭಾವ ಮೂರು ಸಾವಿರ ಡಾಲರ್ ಹಾಕಿದ್ದಾನೆ. ಅಯ್ಯೋ, ಹಾಕೋದಕ್ಕೇನು? ನನ್ನ ಹಳೇ ಟೊಯೋಟಾಗೆ ನಾನೂ ಕೋಟಿ ಅಂತ ಹಾಕಬಹುದು. ಯಾರು ಎಷ್ಟಕ್ಕೆ ಕೊಂಡರು ಅಂತ ನೋಡಬೇಕು ಅಲ್ವಾ?

ನನಗೆ ಸಿಟ್ಟು ಬರೋದು ಪೆನ್ನಿ ಮೇಲಲ್ಲ. ಕೇಳ್ತಾರೆ, ಹೇಳಿದ ಮೇಲೆ ನಂಬಲ್ಲ. 2025ರ ನವೆಂಬರ್‌ನಲ್ಲಿ ಚಲಾವಣೆಗೆ ಪೆನ್ನಿ ಹೊಡೆಯೋದನ್ನೇ ನಿಲ್ಲಿಸಿದ ಮೇಲಂತೂ ಎಲ್ಲರ ಚಿಲ್ಲರೆ ಡಬ್ಬಿಯಲ್ಲೂ ನಿಧಿ.

ಆದರೂ ಬಿಡಿಸಿ ಹೇಳಿದೆ. ಇದು ಇಲ್ಲಿನ ಹೈಸ್ಕೂಲ್ ಮಕ್ಕಳು ಕೆಮಿಸ್ಟ್ರಿ ಲ್ಯಾಬಲ್ಲಿ ಮಾಡುವ ಪ್ರಯೋಗ. 1982ಕ್ಕೆ ಮುಂಚಿನ ಪೆನ್ನಿಯಲ್ಲಿ ಶೇ. 95ರಷ್ಟು ತಾಮ್ರ. ಅದನ್ನು ಸತುವಿನ ಪುಡಿ, ಕಾಸ್ಟಿಕ್ ಸೋಡಾ ನೀರಲ್ಲಿ ಕಾಯಿಸಿದರೆ ಮೇಲೆ ಸತು ಕೂತು ಬೆಳ್ಳಿ ಹಾಗೆ ಕಾಣುತ್ತದೆ. ಆಮೇಲೆ ಬರ್ನರ್ ಮೇಲೆ ಹಿಡಿದರೆ ಸತು, ತಾಮ್ರ ಬೆರೆತು ಹಿತ್ತಾಳೆ. ನಮ್ಮಜ್ಜಿ ಚೊಂಬಿನ ಹಿತ್ತಾಳೆ! ಇಲ್ಲಾಂದ್ರೆ ಯಾರೋ ಚಿನ್ನದ ನೀರು ಕುಡಿಸಿರುತ್ತಾರೆ. ಆ ಚಿನ್ನ ಕೆರೆದರೆ ಉಗುರಿನ ಸಂದಿಗೂ ಸಾಲದು. ಎರಡೂ ನಮ್ಮಂಥವರ ಲೆಕ್ಕದಲ್ಲಿ ಕೆಡಿಸಿದ ನಾಣ್ಯವೇ.

ಈ ಚಾಳಿ ಹೊಸದೂ ಅಲ್ಲ. 1883ರಲ್ಲಿ ಐದು ಸೆಂಟಿನ ಹೊಸ ನಾಣ್ಯ ಬಂದಾಗ ಅದರ ಮೇಲೆ 'ಸೆಂಟ್ಸ್' ಅನ್ನೋ ಪದವೇ ಇರಲಿಲ್ಲ. ಬರೀ ರೋಮನ್ ಐದು. ಕಿಲಾಡಿಗಳು ಅದಕ್ಕೆ ಚಿನ್ನದ ಲೇಪ ಹಾಕಿ ಐದು ಡಾಲರ್ ಚಿನ್ನದ ನಾಣ್ಯ ಅಂತ ದಾಟಿಸಿದರು.

"ಮತ್ತೆ ಆ 1943ರದ್ದು?" ಅಂದರು. ಗೊತ್ತಿತ್ತು, ಇದು ಬರುತ್ತೆ ಅಂತ. ಸರಿ, ಒಪ್ಪಿದೆ. ಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಪೆನ್ನಿಯನ್ನು ಉಕ್ಕಿನಲ್ಲಿ ಹೊಡೆದರು. ತಪ್ಪಿ ಕೆಲವೇ ಕೆಲವು ಹಳೇ ಕಂಚಿನ ಬಿಲ್ಲೆ ಮೇಲೆ ಅಚ್ಚಾದವು. ಹದಿನಾರರ ಹುಡುಗನೊಬ್ಬನಿಗೆ ಶಾಲೆಯ ಕ್ಯಾಂಟೀನ್ ಚಿಲ್ಲರೆಯಲ್ಲಿ ಸಿಕ್ಕ ಅಂಥದ್ದೊಂದು 2019ರ ಹರಾಜಲ್ಲಿ 2,04,000 ಡಾಲರಿಗೆ ಹೋಯಿತು. ಆದರೆ ಅದು ಟಂಕಸಾಲೆಯ ತಪ್ಪು ಸ್ವಾಮಿ, ಲ್ಯಾಬಿನ ತಪ್ಪಲ್ಲ. ಅದರಲ್ಲೂ ಉಕ್ಕಿನದಕ್ಕೆ ತಾಮ್ರ ಬಳಿದು ಟೋಪಿ ಹಾಕೋರಿದ್ದಾರೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿದರೆ ಬಣ್ಣ ಬಯಲು.

ಅವರು ಟಿಶ್ಯೂ ಮಡಿಸುತ್ತಾ, "ಯಾವುದಕ್ಕೂ ಇನ್ನೊಬ್ಬರನ್ನು ಕೇಳ್ತೀನಿ" ಅಂದರು. ಕೇಳಪ್ಪಾ, ಕೇಳು.

ಬೈಯೋಕೆ ನನಗೇನೂ ಹಕ್ಕಿಲ್ಲ ಬಿಡಿ. ನಮ್ಮಜ್ಜಿ ಕಮಲದ 20 ಪೈಸೆ ನಾಣ್ಯಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರ ಹೊರಗೆ. ಅದರಲ್ಲಿ ಚಿನ್ನ ಬೆರೆಸಿದ್ದಾರೆ ಅಂತ ಬೀದಿಯೆಲ್ಲ ಗುಲ್ಲು. ಎಂಟನೇ ಕ್ಲಾಸಲ್ಲಿದ್ದಾಗ ಒಂದನ್ನು ಕದ್ದು ಅಕ್ಕಸಾಲಿಗರ ಹತ್ತಿರ ಓಡಿದೆ. ಅವರು ಒರೆಗಲ್ಲಿಗೆ ಉಜ್ಜಿ, ಮೇಲೊಂದು ತೊಟ್ಟು ಆಸಿಡ್ ಬಿಟ್ಟರು. ಹಳದಿ ಗೆರೆ ನನ್ನ ಕಣ್ಣೆದುರೇ ಮಾಯ. "ಚಿನ್ನ ಇಲ್ಲ ಮಗು" ಅಂದರು. ನಾನು ನಂಬಲಿಲ್ಲ. ಮುಂದಿನ ಬೀದಿಯ ಇನ್ನೊಬ್ಬರ ಹತ್ತಿರ ಹೋದೆ.

ಇವತ್ತು ಬೆಳಿಗ್ಗೆ ಇವರದ್ದೇ ಫೋನ್. "ಸರ್, ಮನೆಯಲ್ಲಿ ಇನ್ನೊಂದು ಸಿಕ್ಕಿತು. 1981. ಇದು ಬೆಳ್ಳಿ ಬಣ್ಣ!"

ನಿಮ್ಮ ಮಗಳು ಈಗ ಎಷ್ಟನೇ ಕ್ಲಾಸು ಅಂತ ಕೇಳಿದೆ.

"ಹತ್ತು. ಯಾಕೆ ಸರ್?"