ಅನ್‌ಪ್ರೆಡಿಕ್ಟಬಲ್ ಮಳೆ, ಗ್ಯಾರಂಟಿ ಹೇಳಿಕೆ

ರಾತ್ರಿ ಜೋರು ಮಳೆ ಹೊಡೆಯಿತು ಅಂದರೆ ಬೆಳಗ್ಗೆ ಬೆಂಗಳೂರಿನಲ್ಲಿ ‘ಅನ್‌ಪ್ರೆಡಿಕ್ಟಬಲ್’, ಅಂದರೆ ಮೊದಲೇ ಊಹಿಸಲಾಗದ್ದು ಅನ್ನುವ ಪದ ಹಾಜರ್. ಗಮ್‌ಬೂಟು ಹಾಕಿಕೊಂಡು ನೀರಲ್ಲಿ ನಿಂತ ದೊಡ್ಡವರ ಮುಂದೆ ಮೈಕ್ ಹಿಡಿದರೆ ಸಾಕು, ತಾನಾಗಿ ಉದುರುತ್ತದೆ. ಭಾರೀ ಉಪಯೋಗದ ಪದ ಸ್ವಾಮಿ. ಹೂಳು ಎತ್ತಿಲ್ಲ ಅಂದರೆ ಗುತ್ತಿಗೆದಾರನ ಹೆಸರು ಹೇಳಬೇಕು. ಒತ್ತುವರಿ ಅಂದರೆ ಸರ್ವೆ ನಂಬರ್ ಕೊಡಬೇಕು. ಇದಕ್ಕೆ ಏನೂ ಬೇಡ, ತಪ್ಪೆಲ್ಲ ಮೋಡದ್ದು.

2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಇಂಥ ಮಳೆ 90 ವರ್ಷಗಳಲ್ಲಿ ಆಗಿರಲಿಲ್ಲ ಎಂದರು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಆಗ ಒಂದು ದಿನದ ಲೆಕ್ಕದಲ್ಲಿ ಸುರಿದದ್ದು 131.6 ಮಿಲಿಮೀಟರ್. 2014ರ ಸೆಪ್ಟೆಂಬರ್‌ನಲ್ಲಿ ಒಂದು ದಿನ 132.3 ಬಿದ್ದಿತ್ತು. 1988ರ ಸೆಪ್ಟೆಂಬರ್ 12ಕ್ಕೆ 177.6. ಮೂರೂ ಸೆಪ್ಟೆಂಬರೇ! ಊರಲ್ಲಿ ಅತಿ ಜಾಸ್ತಿ ಮಳೆ ಬೀಳುವ ತಿಂಗಳೂ ಅದೇ. ಆದರೂ ಪಾಪ, ಸುಳಿವೇ ಸಿಗಲಿಲ್ಲ.

ನಮ್ಮ ರೈತರು ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಅಂತ ಎಂದೋ ಹೇಳಿಟ್ಟಿದ್ದಾರೆ. ಅಕ್ಟೋಬರಿನ ಚಿತ್ತೆ ಮಳೆಗೆ ಕಣ್ಣಿಲ್ಲ, ಎತ್ತ ಬೇಕಾದರೂ ಎರಚೀತು. ಅಂದರೆ ಯಾವ ಮಳೆಯನ್ನು ನಂಬಬಾರದು ಅನ್ನುವುದೂ ಅವರಿಗೆ ಮೊದಲೇ ಗೊತ್ತು. 2024ರ ಚಿತ್ತೆ ಯಲಹಂಕದ ಕಡೆ ಎರಚಿತು. ಅಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಜನರನ್ನು ದೋಣಿಯಲ್ಲಿ ಹೊರಗೆ ತಂದರು.

ಮಳೆ ಎಲ್ಲಿ ಬೀಳುತ್ತದೆ ಅಂತ ಹೇಳುವುದು ಕಷ್ಟ, ಒಪ್ಪೋಣ. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೂ ಉಪಗ್ರಹ ಬೇಕೆ? ಮೋಡ ಕಪ್ಪಾದ ಕೂಡಲೇ ಅಂಡರ್‌ಪಾಸ್ ಪಕ್ಕದ ಗ್ಯಾರೇಜಿನ ಹುಡುಗ ಪಾನಾನೂ ಒಣ ಬಟ್ಟೆನೂ ಹಿಡಿದು ಹೊರಗೆ ಬಂದು ನಿಲ್ಲುತ್ತಾನೆ. ಸ್ಕೂಟರ್ ಎಲ್ಲಿ ಆಫ್ ಆಗುತ್ತದೆ, ಯಾವ ಪ್ಲಗ್ ಬಿಚ್ಚಿ ಒರೆಸಬೇಕು, ಎಲ್ಲ ಅವನಿಗೆ ಬಾಯಿಪಾಠ. ಆಟೋದವರಂತೂ ಮೊದಲ ಹನಿಗೇ ‘ಡಬಲ್ ಆಗುತ್ತೆ ಸಾರ್’ ಅಂದುಬಿಡುತ್ತಾರೆ. ಗೊತ್ತಾಗದೇ ಹೋಗಿದ್ದು ರಾಜಕಾಲುವೆಗೆ ವರ್ಷವರ್ಷವೂ ಬಿಲ್ ಬರೆಯುವವರಿಗೆ ಮಾತ್ರ.

ಅಂದಹಾಗೆ, ಈ ಪದವನ್ನು ನಾವು ನೀವು ಬಳಸಲು ಹೋಗಬಾರದು. ಆಸ್ತಿ ತೆರಿಗೆ ತಡವಾದಾಗ ಕೌಂಟರಿನಲ್ಲಿ ‘ಸಾರ್, ನನ್ನ ಸಂಬಳ ಸ್ವಲ್ಪ ಅನ್‌ಪ್ರೆಡಿಕ್ಟಬಲ್’ ಅಂತ ಸುಮ್ನೆ ಒಮ್ಮೆ ಹೇಳಿ ನೋಡಿ. ತಲೆಯನ್ನೂ ಎತ್ತದೆ, ಬಡ್ಡಿ ಸಮೇತ ಎಷ್ಟಾಗುತ್ತದೆ ಅಂತ ಪೈಸೆ ಲೆಕ್ಕದಲ್ಲಿ ಹೇಳುತ್ತಾರೆ.