ನಾಮಿನಿ ಕಾಲಂನಲ್ಲಿ ಒಂದು ಶಾಲೆಯ ಹೆಸರು

ನನ್ನ ಸೋದರಮಾವ ಮೇಷ್ಟ್ರಾಗಿದ್ದರು. ಅತ್ತೆ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ತಮ್ಮ ಜೀವವಿಮೆಯ ದುಡ್ಡು ತಾವು ಪಾಠ ಮಾಡಿದ ಶಾಲೆಗೇ ಹೋಗಬೇಕು ಅಂತ ಅವರಿಗೆ ತುಂಬಾ ಆಸೆಯಿತ್ತು. ಅದಕ್ಕೆ ಜೊತೆಯಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರ ಹೆಸರನ್ನು ನಾಮಿನಿ ಅಂತ ಬರೆಸಿದರು. "ನಾನು ಹೋದ ಮೇಲೆ ಈ ದುಡ್ಡು ತಗೊಂಡು ಶಾಲೆಗೆ ಕೊಟ್ಟುಬಿಡಪ್ಪ" ಅಂತ ಬಾಯಲ್ಲಿ ಹೇಳಿದರು. ಉಯಿಲು ಬರೆಯಲಿಲ್ಲ.

ಮಾವ ಹೋದರು. ಗೆಳೆಯರ ಕೈಗೆ ಹಣ ಬಂತು. ಹಿಂದೆಯೇ ವಾರಸುದಾರರೂ ಬಂದರು. ವಾರಸುದಾರರು ಅಂದರೆ ಬೇರೆ ಯಾರೂ ಅಲ್ಲ, ಮಾವನ ಒಡಹುಟ್ಟಿದವರು, ನಮ್ಮಮ್ಮನೂ ಸೇರಿ. ಆ ಗೆಳೆಯರು ಒಳ್ಳೆಯವರು. ವಕೀಲರನ್ನು ಕೇಳಿಕೊಂಡು ಬಂದು ಹಣವನ್ನು ಎಲ್ಲರಿಗೂ ಹಂಚಿಬಿಟ್ಟರು. ಅಮ್ಮ ತನ್ನ ಪಾಲನ್ನು ಶಾಲೆಗೆ ಕೊಟ್ಟಳು. ಉಳಿದವರು ಕೊಡಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ, ಅವರವರ ಮನೆಯಲ್ಲಿ ಅವರವರ ಕಷ್ಟವಿತ್ತು. ಕಾನೂನೂ ಅವರ ಕಡೆಗೇ ಇತ್ತು.

ಅದು ನನಗೆ ಗೊತ್ತಾಗಿದ್ದು ಆಮೇಲೆ. ಭಾರತದ ವಿಮಾ ಕಾಯ್ದೆ 1938ರದು. ಅದರ 39ನೇ ಸೆಕ್ಷನ್ ನಾಮಿನಿಯ ಬಗ್ಗೆ ಹೇಳುತ್ತದೆ. ನಾಮಿನಿ ಅಂದರೆ ಹಣದ ಒಡೆಯ ಅಲ್ಲ, ಇಸಿದುಕೊಳ್ಳುವವನು ಅಷ್ಟೇ, ಹಣ ವಾರಸುದಾರರದೇ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2015ರ ತಿದ್ದುಪಡಿ ಇದನ್ನು ಸ್ವಲ್ಪ ಸಡಿಲಿಸಿತು. ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸೇರುತ್ತದೆ. ಆದರೆ ಗೆಳೆಯ ಈ ಪಟ್ಟಿಯಲ್ಲಿ ಇಲ್ಲ. ಶಾಲೆಯೂ ಇಲ್ಲ.

ಈಗ ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಕಂಪನಿಯವರು ವರ್ಷಕ್ಕೊಮ್ಮೆ ವಿಮೆಯ ಆಯ್ಕೆಗಳನ್ನು ಬದಲಾಯಿಸಲು ಅವಕಾಶ ಕೊಡುತ್ತಾರೆ. ಹೋದ ಸಲ ಆ ಫಾರಂ ತೆರೆದು ಕೂತಿದ್ದೆ. ಬೆನಿಫಿಶಿಯರಿ, ಅಂದರೆ ನಾವು ಹೋದ ಮೇಲೆ ಹಣ ಪಡೆಯುವವರು, ಅನ್ನುವ ಕಡೆ ಒಂದು ಸಣ್ಣ ಪಟ್ಟಿ. "ವ್ಯಕ್ತಿ", ಅದರ ಕೆಳಗೆ "ಟ್ರಸ್ಟ್", ಅದರ ಕೆಳಗೆ "ದತ್ತಿ ಸಂಸ್ಥೆ". ಮೂರನೆಯದನ್ನು ಒತ್ತಿದರೆ ಎರಡೇ ಪ್ರಶ್ನೆ: ಸಂಸ್ಥೆಯ ಹೆಸರೇನು, ತೆರಿಗೆ ನಂಬರ್ ಏನು. ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಬರೆಯಲು ಒಂದು ಚೌಕ. ಅಷ್ಟೇ. ಮಾವ ಅಷ್ಟೊಂದು ಒದ್ದಾಡಿದ್ದ ಕೆಲಸ ಐದು ನಿಮಿಷದ್ದು. ನಾನು ಆ ಪರದೆಯನ್ನೇ ನೋಡುತ್ತಾ ಸುಮ್ನೆ ಕೂತುಬಿಟ್ಟೆ.

ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು: "ಮಕ್ಕಳಿಗೆ ಕಡಿಮೆ ಆಗಲ್ವಾ?" ನ್ಯಾಯವಾದ ಪ್ರಶ್ನೆ. ವಿಮೆ ಮಾಡಿಸುವುದೇ ಮನೆಯವರಿಗಾಗಿ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮನೆ ಸಾಲ ಎಷ್ಟು ಉಳಿದಿದೆ, ಮಕ್ಕಳ ಓದು ಎಷ್ಟು ವರ್ಷ, ಅವಳ ಸಂಬಳ ಎಷ್ಟು. ಎಲ್ಲ ಕಳೆದು ಹತ್ತು ಪರ್ಸೆಂಟ್ ಒಂದು ಶಾಲೆಗೆ ಅಂತ ಬರೆದೆವು. ಸಾಲ ತೀರಿದ ಮೇಲೆ ಅದನ್ನು ಹೆಚ್ಚಿಸಬಹುದು. ಕಷ್ಟ ಬಂದರೆ ಅಳಿಸಿಯೂ ಬಿಡಬಹುದು, ಶಾಲೆಯ ಒಪ್ಪಿಗೆ ಬೇಕಿಲ್ಲ. ಈ ದಾರಿಯ ದೊಡ್ಡ ಗುಣ ಅಂದರೆ ಇದೇ. ಹೆಂಡತಿಯನ್ನು ಕೂರಿಸಿಕೊಂಡೇ ಬರೆದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮದುವೆಯಾದ ಮೇಲಿನ ದುಡಿಮೆ ಇಬ್ಬರದೂ. ಅದರಿಂದ ಪ್ರೀಮಿಯಂ ಕಟ್ಟಿದ್ದರೆ ಪಾಲಿಸಿಯಲ್ಲಿ ಸಂಗಾತಿಗೂ ಪಾಲಿರುತ್ತದೆ. ಒಬ್ಬರೇ ತೀರ್ಮಾನ ಮಾಡಿ ಬರೆದರೆ ಕೊನೆಗೆ ನಮ್ಮ ಮಾವನ ಕತೆಯೇ ಆಗುತ್ತದೆ.

ಕೆಲಸದ ಜೊತೆ ಬರುವ ವಿಮೆಯಲ್ಲಿ ನಮ್ಮವರಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಕಂಪನಿ ಕೊಡುವ ವಿಮೆ 50,000 ಡಾಲರ್ ದಾಟಿದರೆ, ಮೇಲಿನ ಭಾಗದ ಖರ್ಚನ್ನು ನಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಆ ಭಾಗಕ್ಕೆ ಇಡೀ ವರ್ಷ ದತ್ತಿ ಸಂಸ್ಥೆಯೇ ಬೆನಿಫಿಶಿಯರಿ ಆಗಿದ್ದರೆ ಹಾಗೆ ಸೇರಿಸುವಂತಿಲ್ಲ. ಉಳಿಯುವುದು ಸಣ್ಣ ಮೊತ್ತ. ಆದರೂ ತಿಳಿದಿರಲಿ. ಕೆಲಸ ಬಿಟ್ಟರೆ ಈ ವಿಮೆ ಸಾಮಾನ್ಯವಾಗಿ ನಿಂತುಹೋಗುತ್ತದೆ ಅನ್ನುವುದೂ ನೆನಪಿರಲಿ. ಟರ್ಮ್ ಪಾಲಿಸಿಯೂ ಅಷ್ಟೇ, ಅವಧಿ ಮುಗಿದರೆ ಶಾಲೆಗೂ ಇಲ್ಲ, ಮನೆಗೂ ಇಲ್ಲ.

ಎರಡನೆಯ ದಾರಿ ಪಾಲಿಸಿಯನ್ನೇ ದಾನ ಮಾಡುವುದು. ಹೆಸರು ಬರೆಯುವುದಲ್ಲ, ಒಡೆತನವನ್ನೇ ಬಿಟ್ಟುಕೊಡುವುದು. ಮಕ್ಕಳು ದೊಡ್ಡವರಾಗಿ, ಸಾಲ ತೀರಿ, ಇನ್ನು ಮನೆಗೆ ಬೇಡವಾದ ಹಳೇ ಹೋಲ್ ಲೈಫ್ (ಜೀವನಪೂರ್ತಿ ಇರುವ) ಪಾಲಿಸಿಗೆ ಇದು ಹೊಂದುತ್ತದೆ. ಆಮೇಲೆ ಸಂಸ್ಥೆಯೇ ಅದರ ಯಜಮಾನ. ಬೇಕಾದರೆ ಇಟ್ಟುಕೊಳ್ಳಬಹುದು, ಬೇಕಾದರೆ ಸರೆಂಡರ್ ಮಾಡಿ ಹಣ ತೆಗೆಯಬಹುದು. ಇಲ್ಲಿ ತೆರಿಗೆ ಹಾಕುವ ಆದಾಯದಲ್ಲಿ ಕಡಿತ ಸಿಗುತ್ತದೆ. ಎಷ್ಟು? ಪಾಲಿಸಿಯ ಬೆಲೆ ಮತ್ತು ಅದಕ್ಕೆ ನಾವು ಹಾಕಿದ ದುಡ್ಡು, ಸಾಮಾನ್ಯವಾಗಿ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕಡಿತ 5,000 ಡಾಲರ್ ಮೀರಿದರೆ ಹೊರಗಿನ ತಜ್ಞರಿಂದ ಬೆಲೆ ಕಟ್ಟಿಸಬೇಕು. ಪ್ರೀಮಿಯಂ ಇನ್ನೂ ಬಾಕಿಯಿದ್ದರೆ ಹಣವನ್ನು ಸಂಸ್ಥೆಗೆ ಕೊಟ್ಟು ಅವರೇ ಕಟ್ಟುವಂತೆ ಮಾಡುವುದು ಒಳ್ಳೆಯದು.

ತೆರಿಗೆಯ ಮಾತು ಬಂದಾಗ ಏಜೆಂಟರ ಕಣ್ಣು ಹೊಳೆಯುತ್ತದೆ. ನನಗೂ ಒಬ್ಬರು ಗಂಟೆಗಟ್ಟಲೆ ಹೇಳಿದರು. ದಾನಕ್ಕೆಂದೇ ಹೊಸ ಪಾಲಿಸಿ ಮಾಡಿಸಿ, ಚಿಕ್ಕ ಪ್ರೀಮಿಯಂನಲ್ಲಿ ದೊಡ್ಡ ದಾನ ಆಗುತ್ತದೆ ಅಂತ. ನಾನು ಬೇಡ ಅಂದೆ. ಸುಮ್ಮನೆ ಹೆಸರು ಬರೆದರೆ ಬದುಕಿರುವಾಗ ಯಾವ ಕಡಿತವೂ ಇಲ್ಲ, ಯಾಕೆಂದರೆ ಹೆಸರನ್ನು ನಾಳೆ ತೆಗೆಯಬಹುದಲ್ಲ. ಒಡೆತನ ಬಿಟ್ಟುಕೊಟ್ಟರೆ ಕಡಿತವಿದೆ, ಆದರೆ ಇಲ್ಲಿ ಬಹುತೇಕ ಜನ ದಾನದ ಲೆಕ್ಕ ಕೊಡದೆಯೇ ಸಿಗುವ ನಿಗದಿತ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರು, ಅವರಿಗೆ ಅದರಿಂದ ಪ್ರಯೋಜನವಿಲ್ಲ. ಸತ್ತ ಮೇಲಿನ ಆಸ್ತಿ ತೆರಿಗೆಯಂತೂ 2026ರಲ್ಲಿ ಒಂದೂವರೆ ಕೋಟಿ ಡಾಲರ್ ದಾಟಿದವರಿಗೆ. ನಮ್ಮಂಥವರ ಹತ್ತಿರವೂ ಸುಳಿಯುವುದಿಲ್ಲ. ತೆರಿಗೆ ಉಳಿಸಲು ಈ ದಾರಿ ಹಿಡಿಯಬೇಡಿ ಅಂತ ನಾನು ನೇರವಾಗಿ ಹೇಳುತ್ತೇನೆ.

ಹೊಸ ಪಾಲಿಸಿಯ ಆಸೆ ದೊಡ್ಡ ಸಂಸ್ಥೆಗಳನ್ನೂ ಕೆಡಿಸಿದೆ. ಒಕ್ಲಹೋಮ ಸ್ಟೇಟ್ ಯೂನಿವರ್ಸಿಟಿಯ ಕ್ರೀಡಾ ವಿಭಾಗ 2007ರಲ್ಲಿ ತನ್ನ ಹಿರಿಯ ದಾನಿಗಳ ಮೇಲೆ ತಲಾ ಒಂದು ಕೋಟಿ ಡಾಲರ್ ವಿಮೆ ಮಾಡಿಸಿತು. ಪ್ರೀಮಿಯಂ ಕಟ್ಟುವ ಹೊರೆ ದಾನಿಗಳದಲ್ಲ, ಆ ವಿಭಾಗದ ಕಡೆಯವರದೇ. ಎರಡು ವರ್ಷದಲ್ಲಿ ಕೋಟಿಗಟ್ಟಲೆ ಡಾಲರ್ ಕಟ್ಟಿದ್ದಾಯಿತು. ಯಾರೂ ಸಾಯಲಿಲ್ಲ. ಕೊನೆಗೆ ಯೋಜನೆಯನ್ನೇ ಕೈಬಿಟ್ಟರು, ವಿಷಯ ಕೋರ್ಟ್ ಮೆಟ್ಟಿಲೇರಿತು. ಇದನ್ನು ಓದಿದಾಗ ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಕೊಡುವವರ ಸಾವನ್ನು ಲೆಕ್ಕ ಇಟ್ಟುಕೊಂಡು ಕಾಯುವ ಸ್ಥಿತಿಗೆ ಒಂದು ವಿದ್ಯಾಸಂಸ್ಥೆ ಬಂತಲ್ಲ ಅಂತ. ಕೊಡುವ ಶಕ್ತಿ ಇದ್ದರೆ ಪ್ರೀಮಿಯಂ ಕಟ್ಟುವ ಆ ದುಡ್ಡನ್ನು ಇವತ್ತೇ ಶಾಲೆಗೆ ಕೊಡಬಹುದು. ಮಕ್ಕಳು ಓದುವುದು ಇವತ್ತು. ದಾನಕ್ಕೆ ಸರಿಯಾದದ್ದು ಮನೆಯವರಿಗಾಗಿ ಮಾಡಿಸಿದ, ಈಗ ಅದರ ಕೆಲಸ ಮುಗಿದಿರುವ ಹಳೇ ಪಾಲಿಸಿ.

ಊರ ಕಡೆಯ ಪದ್ಧತಿಯಲ್ಲಿ ಒಳ್ಳೆಯದು ಇಲ್ಲವೇ? ಇದೆ. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಎಂಡೋಮೆಂಟ್ ಪಾಲಿಸಿ. ಅವಧಿ ಮುಗಿದಾಗ ಹಣ ಬದುಕಿರುವವರ ಕೈಗೇ ಬರುತ್ತದೆ. ಆಗ ಬೋನಸ್ಸಿನ ಭಾಗವನ್ನಾದರೂ ಶಾಲೆಗೆ ಚೆಕ್ ಬರೆದು ಕೊಡಬಹುದು, ಹೊಸ ಕೊಠಡಿ ಎದ್ದು ನಿಂತಾಗ ಹೋಗಿ ನೋಡಬಹುದು. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ದಾನದ ಮೇಲಿನ ತೆರಿಗೆ ವಿನಾಯಿತಿಯೂ (ಜನ 80ಜಿ ಅನ್ನುವುದು) ಸಿಗುತ್ತದೆ. ಪಾಲಿಸಿಯನ್ನೇ ಕೊಟ್ಟರೆ ಅದು ಸಿಗುವುದಿಲ್ಲ, ಆ ವಿನಾಯಿತಿ ಇರುವುದು ಹಣವಾಗಿ ಕೊಟ್ಟದ್ದಕ್ಕೆ ಮಾತ್ರ. ಅಮೆರಿಕದವರ ದಾರಿ ಸಹಿ ಹಾಕಿ ಸಾವಿಗೆ ಬಿಡುವುದು. ನಮ್ಮದು ಕೈಯಾರೆ ಕೊಡುವುದು. ಎರಡನೆಯದೇ ನನಗೆ ಹೆಚ್ಚು ಇಷ್ಟ.

ಮಾವನಿಗೂ ಒಂದು ಸರಿಯಾದ ದಾರಿ ಇತ್ತು. ಅದೇ ಕಾಯ್ದೆಯ 38ನೇ ಸೆಕ್ಷನ್ ಹೇಳುವ, ಪಾಲಿಸಿಯ ಹಕ್ಕನ್ನೇ ಬರೆದುಕೊಡುವ ಅಸೈನ್‌ಮೆಂಟ್. ಪಾಲಿಸಿ ಬಾಂಡಿನ ಮೇಲೆಯೇ ಬರೆದು, ಅಥವಾ ಬೇರೆ ಪತ್ರ ಮಾಡಿ, ಸಹಿ ಹಾಕಿ, ಒಬ್ಬ ಸಾಕ್ಷಿಯ ಸಹಿ ಹಾಕಿಸಿ, ವಿಮಾ ಕಂಪನಿಗೆ ನೋಟಿಸ್ ಕೊಡಬೇಕು. ಪೂರ್ತಿಯಾಗಿ ಅಸೈನ್ ಮಾಡಿದರೆ ಪಾಲಿಸಿ ಶಾಲೆಯ ಟ್ರಸ್ಟಿನದೇ. 2015ರಿಂದ ಒಂದು ಭಾಗವನ್ನಷ್ಟೇ ಅಸೈನ್ ಮಾಡಲೂ ಅವಕಾಶವಿದೆ. ನಾನು ಬದುಕಿ ಉಳಿದರೆ ಹಣ ನನಗೇ ಬರಲಿ ಅಂತ ಷರತ್ತು ಹಾಕಲೂಬಹುದು. ಆದರೆ ಮಾವನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಫಾರಂನಲ್ಲಿ ಕಂಡದ್ದು ನಾಮಿನಿಯ ಕಾಲಂ ಒಂದೇ. ಎರಡು ಸಾಲಿನ ಉಯಿಲಿದ್ದರೂ ಸಾಕಿತ್ತು.

ಆ ಕಾಲಂನಲ್ಲೇ ನೋಂದಾಯಿತ ಟ್ರಸ್ಟಿನ ಹೆಸರು ಬರೆದರೂ ನಡೆಯುವ ಹಾಗೆ ಕಾನೂನು ಬದಲಾಗಬೇಕು ಅನ್ನುವುದು ನನ್ನ ಆಸೆ. ಹೆಂಡತಿ ಮಕ್ಕಳ ಪಾಲಿಗೆ ಒಂದು ಮಿತಿ ಇಟ್ಟು, ಉಳಿದದ್ದರಲ್ಲಿ ಹತ್ತು ಪರ್ಸೆಂಟೋ ಇಪ್ಪತ್ತೋ ಹಾಗೆ ಬರೆಯಲು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮಕ್ಕಳಿಲ್ಲದ ಎಷ್ಟೋ ಮೇಷ್ಟ್ರುಗಳು ನಮ್ಮಲ್ಲಿದ್ದಾರೆ.

ಹೊರಗಿರುವ ನಮ್ಮವರಿಗೆ ಇನ್ನೊಂದು ಮಾತು. ಇಲ್ಲಿನ ಪಾಲಿಸಿಯಲ್ಲಿ ಊರಿನ ಟ್ರಸ್ಟಿನ ಹೆಸರನ್ನು ಸೀದಾ ಬರೆಯುವ ಮುಂಚೆ ಅವರನ್ನು ಕೇಳಿ. ವಿದೇಶಿ ಕಂಪನಿಯಿಂದ ಬರುವ ದೇಣಿಗೆಗೆ ಅವರ ಬಳಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇರಬೇಕು, ಇಲ್ಲವೇ ಮುಂಚೆಯೇ ಅನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಬೇರೆ ಸಂಸ್ಥೆಯ ಮೂಲಕ ದಾಟಿಸೋಣ ಅಂದರೆ ಅದಕ್ಕೂ ಈಗ ಅವಕಾಶವಿಲ್ಲ. ಸಣ್ಣ ಶಾಲೆಗಳಿಗೆ ಇದೆಲ್ಲ ಭಾರ.

ಅದಕ್ಕೇ ನಾನು ಪಾಲಿಸಿಯಲ್ಲಿ ಇಲ್ಲಿಯ ಶಾಲೆಯ ಹೆಸರು ಬರೆದೆ, ಇಲ್ಲಿಯ ಮಕ್ಕಳೂ ಮಕ್ಕಳೇ ಅಲ್ವಾ. ಮಾವನ ಶಾಲೆಗೆ ಅಮ್ಮ ಕೊಡುತ್ತಾಳೆ. ಅವಳ ಎಂಡೋಮೆಂಟ್ ಪಾಲಿಸಿಯೊಂದು ಬರುವ ವರ್ಷ ಮುಗಿಯುತ್ತದೆ. ಬಾಂಡನ್ನು ಈಗಲೇ ಬೀರುವಿನಿಂದ ತೆಗೆದು ಮೇಲಿಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: "ಚೆಕ್ಕಿನ ಜೊತೆ ಒಂದು ಕಾಗದ ಇಡ್ತೀನಿ ಕಣೋ, ಇದು ಅಣ್ಣನ ಬಾಕಿ ಅಂತ. ಅಷ್ಟು ಬರೆದ್ರೆ ಸಾಕಾ?"